ಕೂಸಿನ ಮಂಚಕ್ಕೆ ಹಾಸಿಗೆ ಹುಡುಕಿದ ಮಳೆಗಾಲ

ಅವ್ವ ಗುಳೇದಗುಡ್ಡದಿಂದ ಬೆಳಗಾವಿಗೆ ಬಂದಿಳಿದಾಗ ಕೈಯಲ್ಲಿ ಎರಡು ಚೀಲ ಇದ್ದವು. ಒಂದರಲ್ಲಿ ಅಂಟಿನುಂಡೆಯ ಸಾಮಾನು: ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ. ಇನ್ನೊಂದರಲ್ಲಿ ಕೌದಿ. ಚಹಾ ಕುಡಿಯುವುದಕ್ಕೂ ಮೊದಲು ಕೌದಿ ಬಿಚ್ಚಿ ನನ್ನ ತೊಡೆ ಮೇಲೆ ಹರವಿದಳು.

"ನಿಮ್ಮಪ್ಪನ ಎರಡು ಧೋತರ, ನನ್ನ ಎರಡು ಸೀರಿ, ನಿನ್ನ ಸಾಲಿ ಲಂಗ. ಎಲ್ಲಾರೂ ಅದಾರ ಇದರಾಗ," ಎಂದಳು.

ಅದಕ್ಕೂ ಎರಡೇ ದಿನ ಮೊದಲು ಮಕ್ಕಳ ಡಾಕ್ಟರ್ ಬಾಯಿಯೊಬ್ಬರು ನನಗೆ ಹೇಳಿದ್ದರು: ಮಲಗಿದ ಕೂಸಿನ ಹತ್ತಿರ ಕೌದಿ, ದಿಂಬು, ಗೊಂಬೆ ಯಾವುದೂ ಇರಬಾರದು, ಒಂದು ವರ್ಷ ತುಂಬುವ ತನಕ. ನಾನು ಕೌದಿಯ ಮೇಲೆ ಕೈ ಆಡಿಸುತ್ತಾ ಕೂತೆ. ಬಾಯಿ ಬಿಡಲಿಲ್ಲ. ಆಗ ನನಗೆ ಎಂಟು ತಿಂಗಳು.

ಈ ಹಾಸಿಗೆಯ ಉಸಾಬರಿ ಶುರುವಾದದ್ದು ಮಾತ್ರ ಬೇಸಿಗೆಯಲ್ಲಿ. ಅನಗೋಳದಲ್ಲಿ ನಮ್ಮದು ಬಾಡಿಗೆ ಮನೆ, ಮೊದಲ ಮಹಡಿ. ಮಲಗುವ ಕೋಣೆ ಒಂದು, ಅದರ ಪಕ್ಕ ಸಣ್ಣ ಕೋಣೆ ಇನ್ನೊಂದು. ಸಣ್ಣದರಲ್ಲಿ ಹಳೇ ಕಂಪ್ಯೂಟರ್, ಇಸ್ತ್ರಿ ಮೇಜು, ಜೋಳದ ಡಬ್ಬಿ ತುಂಬಿದ್ದವು. ಅದನ್ನೆಲ್ಲ ಖಾಲಿ ಮಾಡಿ "ಕೂಸಿನ ಕೋಣೆ" ಮಾಡೋಣ ಅಂತ ನಮ್ಮವರಿಗೆ ಹುಕಿ ಬಂತು. ಗೋಡೆಗೆ ತಿಳಿಹಸಿರು ಬಣ್ಣ ಬಳಿಸಿದರು. ನಮ್ಮ ಮಾವನವರ ಪರಿಚಯದ ಬಡಿಗರೊಬ್ಬರು ಸಾಗವಾನಿಯಲ್ಲಿ ಮಂಚ ಮಾಡಿಕೊಟ್ಟರು, ನಾಲ್ಕೂ ಕಡೆ ಕಟಕಟೆ ಇರುವಂಥದ್ದು. ಒಳಗಿನ ಅಳತೆ 26 ಇಂಚು ಅಗಲ, 50 ಇಂಚು ಉದ್ದ. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಇದರ ಸುತ್ತಲೇ ಎಲ್ಲ ತಿರುಗುತ್ತದೆ.

ಅತ್ತೆಗೆ ಇದು ಸರಿಬರಲಿಲ್ಲ. "ಕೂಸು ಹುಟ್ಟೂ ಮೊದಲ ಹಾಸಿಗಿ ಹಾಸಬಾರದವಾ. ಖಾಲಿ ತೊಟ್ಟಿಲಾ ತೂಗಬಾರದು ಅಂತಾರ, ಕೇಳಿಲ್ಲೇನು?" ಎಂದರು. ನಮ್ಮವರು ಏನೋ ವಾದ ಮಾಡಲು ಹೋದರು. ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ಕೊನೆಗೆ ಒಂದು ಒಪ್ಪಂದ ಆಯಿತು. ಮಂಚ ಇರಲಿ, ಆದರೆ ಅದರ ಮೇಲೆ ಏನೂ ಹಾಸುವಂತಿಲ್ಲ. ಏನು ತಂದರೂ ಗಂಟು ಕಟ್ಟಿ ಇಡಬೇಕು. ಹೂಂ ಅಂದೆವು. ಇದೇ ಮುಂದೆ ನಮಗೆ 2,800 ರೂಪಾಯಿಗೆ ಬಿತ್ತು.

ಆಗಿದ್ದು ಹೀಗೆ. ಮೊಬೈಲಿನಲ್ಲಿ ನೋಡುತ್ತಾ ನೋಡುತ್ತಾ ಎಂಟು ತುಣುಕಿನ ಸೆಟ್ಟು ಒಂದನ್ನು ತರಿಸಿಬಿಟ್ಟೆ. ಬೂದು ಬಣ್ಣದ ಬಟ್ಟೆ, ಮೇಲೆ ಬಿಳಿ ಆನೆ, ಹಳದಿ ಚಂದ್ರ. ಒಂದು ಗಾದಿ, ಎಲಾಸ್ಟಿಕ್ ಚಾದರ, ಕಟಕಟೆಗೆ ಸುತ್ತ ಕಟ್ಟುವ ದಪ್ಪ ಬಂಪರ್, ಎರಡು ಪುಟ್ಟ ಲೋಡು, ಸಾಸಿವೆ ತುಂಬಿದ ದಿಂಬು, ರಜಾಯಿ, ಸೊಳ್ಳೆ ಪರದೆ. ಫೋಟೋದಲ್ಲಿ ಆ ಮಂಚ ಹೇಗೆ ಕಾಣುತ್ತಿತ್ತು ಅಂತೀರಿ! ನಾನೇ ಸಣ್ಣಾಕೆಯಾಗಿ ಅದರಲ್ಲಿ ಮಲಗಬೇಕು ಅನಿಸುವಂತಿತ್ತು. ಪಾರ್ಸಲ್ ಬಂತು. ಅತ್ತೆಯ ಮಾತಿನಂತೆ ಬಿಚ್ಚದೆ ಹಳೇ ಸೀರೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೇಲೆ ಇಟ್ಟೆವು. ಐದು ವಾರ ಅದು ಅಲ್ಲೇ ಇತ್ತು.

ಆಮೇಲೆ ಒಂದು ದಿನ ನಾದಿನಿಯ ಮಗನಿಗೆ ಲಸಿಕೆ ಹಾಕಿಸಲು ಅವಳ ಜೊತೆ ಹೋದೆ. ಅಲ್ಲೇ ಸಿಕ್ಕವರು ಈ ಡಾಕ್ಟರ್ ಬಾಯಿ. ನನ್ನ ಹೊಟ್ಟೆ ನೋಡಿ, "ಏನೇನ ತಯಾರಿ ಆಗೇದ?" ಎಂದು ಕೇಳಿದರು. ನಾನು ಜಂಬದಿಂದ ಮೊಬೈಲ್ ತೆಗೆದು ಆ ಸೆಟ್ಟಿನ ಫೋಟೋ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ತೆಗೆಯುತ್ತಾ ಹೋದರು. "ಇದು ಬ್ಯಾಡ. ಇದು ಬ್ಯಾಡ. ಇವೆರಡೂ ಬ್ಯಾಡ. ದಿಂಬಂತೂ ಬ್ಯಾಡೇ ಬ್ಯಾಡ." ಕೊನೆಗೆ ಉಳಿದದ್ದು ಚಾದರ, ಪರದೆ. ಗಾದಿಗೆ ಮಾತ್ರ, "ಅಂಗೈಲೆ ಒತ್ತಿ ನೋಡ್ರಿ. ಕೈ ತಗದ ಕೂಡ್ಲೆ ಪುಟಿದು ಮ್ಯಾಲೆ ಬರಬೇಕು. ಅಂಗೈ ಗುರ್ತು ಉಳೀತು ಅಂದ್ರ ಅದು ಕೂಸಿಗೆ ಅಲ್ಲ," ಎಂದರು.

ನಾದಿನಿ ನನ್ನ ಮುಖ ನೋಡಿದಳು. ನಾನು ಫೋಟೋ ಮುಚ್ಚಿದೆ.

ಕಾರಣ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಹೊಸ ಕೂಸಿಗೆ ಕುತ್ತಿಗೆಯಲ್ಲಿ ಶಕ್ತಿ ಇರುವುದಿಲ್ಲ. ಮೆತ್ತನೆಯದು ಮೂಗಿಗೆ ಒತ್ತಿಕೊಂಡರೆ ಮುಖ ಆಚೆ ತಿರುಗಿಸಲು ಬರುವುದಿಲ್ಲ, ಕೈಯಿಂದ ಸರಿಸಲೂ ಬರುವುದಿಲ್ಲ. ಬಿಟ್ಟ ಉಸಿರು ಆ ಬಟ್ಟೆಯಲ್ಲೇ ನಿಲ್ಲುತ್ತದೆ, ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕೂಸು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ, ಹಾಗಾಗಿ ಪಕ್ಕದಲ್ಲಿ ಮಲಗಿದ್ದವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಬೆನ್ನ ಮೇಲೆ ಮಲಗಿಸಬೇಕು, ಸಪಾಟಾದ ಗಟ್ಟಿ ಹಾಸಿಗೆ ಇರಬೇಕು, ಮೇಲೆ ಬಿಗಿಯಾದ ಒಂದು ಚಾದರ, ಅಷ್ಟೇ. ಸಾಸಿವೆ ದಿಂಬಿನ ಬಗ್ಗೆ ಕೇಳಿದಾಗ ನಕ್ಕರು. ತಲೆ ದುಂಡಗಾಗಲಿ ಅಂತ ಅಲ್ವಾ ಅದನ್ನು ಇಡುವುದು? ಎಚ್ಚರ ಇದ್ದಾಗ ನೀವು ಎದುರು ಕೂತು ಕೂಸನ್ನು ಹೊಟ್ಟೆ ಮೇಲೆ ಮಲಗಿಸಿ ಆಡಿಸಿ, ತಲೆಯೂ ಸರಿಹೋಗುತ್ತದೆ, ಕುತ್ತಿಗೆಯೂ ಗಟ್ಟಿಯಾಗುತ್ತದೆ ಎಂದರು.

ಅವರು ಹೇಳಿದ ಇನ್ನೊಂದು ಮಾತು ನಮ್ಮವರ ಉತ್ಸಾಹಕ್ಕೆ ತಣ್ಣೀರು ಎರಚಿತು. ಮೊದಲ ಆರು ತಿಂಗಳಾದರೂ ಕೂಸು ಅಪ್ಪ ಅಮ್ಮ ಮಲಗುವ ಕೋಣೆಯಲ್ಲೇ ಇರಬೇಕಂತೆ. ಒಂದೇ ಹಾಸಿಗೆಯಲ್ಲಿ ಅಲ್ಲ, ಒಂದೇ ಕೋಣೆಯಲ್ಲಿ. ತಿಳಿಹಸಿರು ಬಣ್ಣದ ಗತಿ?

ರಾತ್ರಿ ನಿದ್ದೆ ಬಾರದೆ ಓದುತ್ತಾ ಕೂತೆ. ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ಇಂಥ ದಪ್ಪ ಬಂಪರ್ ಮಾರುವುದನ್ನೇ ನಿಲ್ಲಿಸಿದ್ದಾರೆ. ಕೂಸನ್ನು ಬೆನ್ನ ಮೇಲೆ ಮಲಗಿಸಿ ಅಂತ ಅಲ್ಲಿ 1994ರಿಂದ ಮನೆಮನೆಗೆ ಹೇಳುತ್ತಾ ಬಂದಿದ್ದಾರೆ, ಆಮೇಲೆ ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಳ್ಳುವ ಕೂಸುಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಮ್ಮಲ್ಲಿ ಮಾತ್ರ ಆ ಬಂಪರ್ ಸೆಟ್ಟಿನ ಕೆಳಗೆ "ತುಂಬಾ ಕ್ಯೂಟ್" ಅಂತ ನೂರಾರು ಜನ ಬರೆದಿದ್ದರು. ಅವರಲ್ಲಿ ನಾನೂ ಒಬ್ಬಳಾಗುತ್ತಿದ್ದೆ.

ಮರುದಿನ ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ಗಂಟು ಇಳಿಸಿದೆವು. ಗಾದಿಯನ್ನು ಹಾಲ್‌ನಲ್ಲಿ ಹಾಕಿ ಅಂಗೈಯಿಂದ ಒತ್ತಿದೆ. ಐದು ಬೆರಳೂ ಮೂಡಿದವು. ಹಿಟ್ಟಿನ ಮುದ್ದೆಗೆ ಒತ್ತಿದಂತೆ ಹಾಗೇ ಉಳಿದವು. ಹೋಗಲಿ, ಚಾದರವಾದರೂ ಇದೆಯಲ್ಲ ಅಂತ ಅದನ್ನು ಒಗೆದು ಹಾಕಿದೆ. ಹೊಸ ಬಟ್ಟೆಯ ಗಂಜಿ, ಬಣ್ಣ ಎಲ್ಲ ಕೂಸಿನ ಚರ್ಮಕ್ಕೆ ಆಗುವುದಿಲ್ಲ, ಒಗೆದೇ ಹಾಸಬೇಕು. ಒಣಗಿದ ಮೇಲೆ ಟೇಪು ಹಿಡಿದರೆ ಉದ್ದದಲ್ಲಿ ಎರಡು ಇಂಚು ಕಡಿಮೆ! ಗಾದಿಯ ಒಂದು ಮೂಲೆಗೆ ಸಿಗಿಸಿದರೆ ಎದುರಿನ ಮೂಲೆಯಿಂದ ಪಟ್ ಅಂತ ಹಾರುತ್ತಿತ್ತು. ಹೀಗೆ ಬಿಚ್ಚಿಕೊಳ್ಳುವ ಚಾದರ ಸುತ್ತಿಕೊಂಡು ಕೂಸಿನ ಮುಖದ ಮೇಲೆ ಬಂದರೆ ಬಂಪರಿಗಿಂತ ಅದೇನು ಕಮ್ಮಿ?

ವಾಪಸ್ ಕೊಡುವ ಗಡುವು ಮುಗಿದು ಮೂರು ವಾರ ಆಗಿತ್ತು. ಮಾರಿದವರಿಗೆ ಬರೆದೆ. "ಒಗೆದ ಮಾಲು ವಾಪಸ್ ತಗೊಳ್ಳುವುದಿಲ್ಲ, ನಿಮ್ಮ ಪುಟ್ಟ ಕಂದನಿಗೆ ಶುಭಾಶಯಗಳು" ಎಂದು ಉತ್ತರ ಬಂತು.

ಇನ್ನು ಮೊದಲಿಂದ ಶುರು. ಅಷ್ಟರಲ್ಲಿ ಮಿರಗದ ಮಳೆ ಹಿಡಿದಿತ್ತು.

ಗಾದಿಗಾಗಿ ಪೇಟೆಗೆ ಹೋದೆವು. ಖಡೇ ಬಜಾರದ ಆಚೆ ಒಂದು ಓಣಿಯಲ್ಲಿ ಗಾದಿ ಹೊಲಿಯುವ ಚಾಚಾ ಒಬ್ಬರಿದ್ದಾರೆ. ಅವರ ಅಂಗಡಿಯಲ್ಲಿ ಗಾಳಿಯೂ ಹತ್ತಿಯದೇ. ಕಣ್ಣುರೆಪ್ಪೆ, ಗಡ್ಡ, ಟೋಪಿ, ಗೋಡೆಯ ಕ್ಯಾಲೆಂಡರ್, ಎಲ್ಲದರ ಮೇಲೂ ಹತ್ತಿಯ ನವಿರು.

"ಕೂಸಿಗೇನು ಬೇಟಿ? ಛಲೋ ಹತ್ತಿ ಹಾಕಿ ಕೊಡ್ತೀನಿ. ಹೂವಿನಂಗ ಇರ್ತದ," ಎಂದರು.

"ಹೂವಿನಂಗ ಬ್ಯಾಡ ಚಾಚಾ, ಹಲಗಿಯಂಗ ಬೇಕು."

ಚಾಚಾ ಸೂಜಿ ಕೆಳಗಿಟ್ಟರು. "ಕೂಸಿಗೋ, ಪೈಲ್ವಾನಗೋ?"

ಅವರಿಗೆ ವಿವರಿಸಿದೆ. ತಲೆ ಆಡಿಸುತ್ತಾ ಕೇಳಿದರು. ಹತ್ತಿ ಗಾದಿಯ ಒಳಗುಟ್ಟು ಅವರಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಮೊದಮೊದಲು ಉಬ್ಬಿ ನಿಲ್ಲುತ್ತದೆ, ಆಮೇಲೆ ಮಲಗಿದ ಜಾಗದಲ್ಲಿ ತಗ್ಗು ಬೀಳುತ್ತದೆ, ಹತ್ತಿ ಗಂಟುಗಂಟಾಗಿ ಬದಿಗೆ ಸರಿಯುತ್ತದೆ. ಅದೂ ಬೆಳಗಾವಿ ಮಳೆಗಾಲ. ಒಂದು ಸಲ ಒಳಗೆ ಒದ್ದೆಯಾದರೆ ಬಿಸಿಲು ಬೀಳುವ ತನಕ ಕಾಯಬೇಕು, ಆ ಬಿಸಿಲು ಯಾವಾಗ ಬೀಳುತ್ತದೋ ದೇವರೇ ಬಲ್ಲ. ಕೊನೆಗೆ ಚಾಚಾ ಒಳಗಿಂದ ತೆಂಗಿನ ನಾರಿನ ಒಂದು ಹಾಳೆ ತಂದರು. ನಾರಿಗೆ ರಬ್ಬರ್ ಹಾಲು ಹಿಡಿಸಿ ಒತ್ತಿದ್ದು, ನಾಲ್ಕು ಇಂಚು ದಪ್ಪ. ನಾನು ಅಂಗೈ ಒತ್ತಿದೆ. ಕೈ ತೆಗೆದ ಕ್ಷಣವೇ ಹಾಸಿಗೆ ಮೇಲೆ ಬಂತು, ಬೆರಳ ಗುರುತಿಲ್ಲ.

"ಇನ್ನೂ ದಪ್ಪ ಮಾಡಲೇನು?" ಎಂದು ನಮ್ಮವರು ಕೇಳಿದರು. ಅದು ಬೇಡವೇ ಬೇಡ. ಹಾಸಿಗೆ ಎತ್ತರ ಆದಷ್ಟೂ ಕಟಕಟೆ ಗಿಡ್ಡ ಆಗುತ್ತದೆ. ನಾಳೆ ಎದ್ದು ನಿಲ್ಲುವ ಕೂಸು ಆಚೆ ಉರುಳುವುದು ಹಾಗೆಯೇ.

ಚಾಚಾ ಎರಡೂ ಕಡೆ ಅರ್ಧ ಅರ್ಧ ಇಂಚು ಕಡಿಮೆ ಕತ್ತರಿಸಿದರು, ಚಾದರದ ಅಂಚು ಸಿಗಿಸಲು ಜಾಗ ಬೇಕಲ್ಲ ಅಂತ. ಮಂಚದಲ್ಲಿಟ್ಟು ನೋಡಿದಾಗ (ಅತ್ತೆ ಮತ್ತೆ ಗುಡಿಗೆ ಹೋಗಿದ್ದರು) ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳು ಹೊಗಲಿಲ್ಲ. ಎರಡು ಬೆರಳಿಗಿಂತ ಜಾಸ್ತಿ ಸಂದು ಇದ್ದರೆ ಕೂಸು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಟಕಟೆಯ ಪಟ್ಟಿಗಳ ನಡುವೆಯೂ 6 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ: ತಂಪು ಪಾನೀಯದ ಟಿನ್ ಡಬ್ಬಿ ನಡುವಿನಿಂದ ಹಾದುಹೋಗಬಾರದು. ನಮ್ಮದರಲ್ಲಿ ಒಂದು ಕಡೆ ಡಬ್ಬಿ ಸಲೀಸಾಗಿ ಹಾದು ಆಚೆ ಬಿತ್ತು. ಬಡಿಗರನ್ನು ಕರೆಸಿ ಒಂದು ಪಟ್ಟಿ ಹೆಚ್ಚಿಗೆ ಹೊಡೆಸಿದೆವು. ಅವರೇನೂ ಕೇಳಲಿಲ್ಲ, ದುಡ್ಡೂ ತಗೊಳ್ಳಲಿಲ್ಲ. "ನನ್ನ ಮೊಮ್ಮಗನೂ ಬರೂ ಪೈಕಿ ಅದಾನ, ಅವನ ಮಂಚಕ್ಕೂ ಹಿಂಗ ಮಾಡ್ತೀನಿ," ಎಂದರು.

ಚಾದರಕ್ಕೆ ಬಟ್ಟೆ ತಗೊಂಡು ನಾವೇ ಹೊಲಿಯೋಣ ಎಂದವರು ಕೆಳಗಿನ ಮನೆಯ ಕಾಕು. ಮರಾಠಿ ಮಾತಾಡುವವರು, ಕನ್ನಡವೂ ಬರುತ್ತದೆ, ಹೊಲಿಗೆ ಮಷಿನ್ ಇದೆ. ಅವರೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು.

"ಏನ್ ತೋರಿಸಲ್ರೀ ವೈನಿ?" ಎಂದ ಅಂಗಡಿಯವನು, ನಾವು ಉತ್ತರ ಕೊಡುವ ಮೊದಲೇ ಕಾರ್ಟೂನ್ ಛಾಪಿನ ಬಟ್ಟೆಯ ಥಾನು ಬಿಚ್ಚಿ ಎಸೆದ. ಕಾಕು ಅದರ ಅಂಚನ್ನು ಬೆರಳ ನಡುವೆ ತಿಕ್ಕಿ, "ಪಾಲಿಸ್ಟರ್ ಮಿಕ್ಸ್ ಅದ," ಎಂದು ಪಕ್ಕಕ್ಕೆ ಸರಿಸಿದರು. ಮಲ್ ಬಟ್ಟೆ ಮುಟ್ಟಲು ಚೆಂದ, ಆದರೆ ಎಳೆದು ಸಿಗಿಸಿದರೆ ಜಾಳಾಗುತ್ತದೆ, ಮೂಲೆಯಲ್ಲಿ ಹರಿಯುತ್ತದೆ. ಮಾಂಜರಪಾಟ ಗಟ್ಟಿ, ಆದರೆ ಹೊಸದರಲ್ಲಿ ಒರಟು. ಕೊನೆಗೆ ತೆಳು ಹಳದಿ ಬಣ್ಣದ ಶುದ್ಧ ಹತ್ತಿ ಪಾಪ್ಲಿನ್ ತಗೊಂಡೆವು, 44 ಇಂಚಿನ ಪನ್ನಾ, ಅಂದರೆ ಬಟ್ಟೆಯ ಅಗಲ. ಛಾಪು ಇಲ್ಲ, ಚಂದ್ರ ಇಲ್ಲ, ಆನೆ ಇಲ್ಲ. ಕೂಸಿಗೆ ಮೊದಲ ತಿಂಗಳುಗಳಲ್ಲಿ ಅದು ಸ್ಪಷ್ಟವಾಗಿ ಕಾಣುವುದೂ ಇಲ್ಲವಲ್ಲ.

ಲೆಕ್ಕ ಕಾಕುವಿನದು. ಹಾಸಿಗೆ 26 ಇಂಚು ಅಂತಲೇ ಹಿಡಿದರು. ಎರಡೂ ಬದಿಗೆ ದಪ್ಪ ನಾಲ್ಕು ನಾಲ್ಕು, ಕೆಳಗೆ ಮಡಚಿ ಎಲಾಸ್ಟಿಕ್ ಸೇರಿಸಲು ಮೂರು ಮೂರು, ಒಟ್ಟು 40. ಉದ್ದಕ್ಕೆ 50ಕ್ಕೆ ಹಾಗೇ 14 ಸೇರಿಸಿ 64. ನಾಲ್ಕೂ ಮೂಲೆಯಲ್ಲಿ ಏಳು ಇಂಚಿನ ಚೌಕ ಕತ್ತರಿಸಿ ಅಂಚು ಜೋಡಿಸಿದರೆ ಪೆಟ್ಟಿಗೆಯ ಮುಚ್ಚಳದ ಹಾಗೆ ಆಗುತ್ತದೆ. ಕುಗ್ಗುವುದಕ್ಕೂ ಸೇರಿಸಿ ಒಂದೊಂದು ಚಾದರಕ್ಕೆ 1.75 ಮೀಟರ್. ನಾಲ್ಕು ಚಾದರಕ್ಕೆ ಏಳು ಮೀಟರ್. ಕತ್ತರಿ ಹಾಕುವ ಮೊದಲು ಇಡೀ ರಾತ್ರಿ ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದೆವು. ಒಂದು ಸಲ ಸುಟ್ಟುಕೊಂಡವಳಲ್ವಾ ನಾನು. ಎಲಾಸ್ಟಿಕ್ಕನ್ನು ಬರೀ ಮೂಲೆಗೆ ಹಾಕದೆ ಸುತ್ತಲೂ ಓಡಿಸಿದರು ಕಾಕು. ಹಾಸಿದ ಮೇಲೆ ಚಿವುಟಿ ಎತ್ತಿ ನೋಡಿದರೆ ಬಟ್ಟೆ ಕೈಗೆ ಸಿಗಲಿಲ್ಲ, ಅಷ್ಟು ಬಿಗಿ.

ನಾಲ್ಕೇ ಯಾಕೆ ಅಂದರೆ, ನನ್ನ ಪೆದ್ದುತನ. ಆರು ಬೇಕಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಇಷ್ಟೆಲ್ಲ ಆಗುವಾಗ ಅವ್ವ ಬಂದು ವಾರವಾಗಿತ್ತು. ಕೌದಿ ಕಪಾಟಿನಲ್ಲಿತ್ತು. ದಿನಾ ಒಂದು ಸಲ ತೆಗೆದು ಝಾಡಿಸಿ ಮತ್ತೆ ಮಡಚಿ ಇಡುತ್ತಿದ್ದಳು. ಅದನ್ನು ಹತ್ತಿರದಿಂದ ನೋಡಬೇಕು ನೀವು. ನಡುವೆ ಅವಳ ಹಸಿರು ಇಳಕಲ್ ಸೀರೆ, ಸುತ್ತ ಅಪ್ಪನ ಧೋತರದ ಬಿಳಿ, ಒಂದು ಬದಿಗೆ ಟೋಪ್ ತೆನಿ ಸೆರಗಿನ ಕೆಂಪು ಬಿಳಿ ಹಲ್ಲುಗಳು, ಮೂಲೆಯಲ್ಲಿ ನನ್ನ ನೀಲಿ ಲಂಗದ ಚೌಕ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಕಣ್ಣು ಮಂಜಾದ ಮೇಲೆ ಹೊಲಿದದ್ದು ಎಲ್ಲಿಂದ ಅಂತಲೂ ಗೊತ್ತಾಗುತ್ತದೆ. ನಡುವಿನ ಹತ್ತಿರ ಕಾಳು ಸ್ವಲ್ಪ ದಪ್ಪಗಾಗಿವೆ.

ಒಂದು ಸಂಜೆ ಕರೆಂಟ್ ಹೋಗಿತ್ತು, ಹೊರಗೆ ಮಳೆ. ಆಗ ಹೇಳಿದೆ.

"ಕೂಸಿಗೆ ಹೊದಿಸೋದ ಬ್ಯಾಡ ಅಂದ್ರ ಹೆಂಗವಾ?" ಎಂದಳು. "ಮಳಿಗಾಲದಾಗ ಹುಟ್ಟೂ ಕೂಸು. ಥಂಡಿ ಹತ್ತಂಗಿಲ್ಲೇನು? ನಿನ್ನ ಏನ್ ಕಾಗದದಾಗ ಸುತ್ತಿ ಬೆಳಸೀನೇನು?"

ನಾನು ಡಾಕ್ಟರ್ ಬಾಯಿ ಹೇಳಿದ್ದನ್ನೇ ಹೇಳಿದೆ. ಕುತ್ತಿಗೆಯ ಮಾತು, ಉಸಿರಿನ ಮಾತು. ಅಮೆರಿಕದ ಮಾತು ಎತ್ತಲಿಲ್ಲ, ಎತ್ತಿದ್ದರೆ ಕೆಟ್ಟಿತ್ತು. ಅವ್ವ ಏನೂ ಅನ್ನಲಿಲ್ಲ. ಬಹಳ ಹೊತ್ತು ಮಳೆಯ ಸದ್ದಷ್ಟೇ ಇತ್ತು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ನಾ ಸಣ್ಣಾಕಿ ಇದ್ದಾಗ ನಮ್ಮ ಓಣ್ಯಾಗ ಒಂದು ಕೂಸು ಹಂಗ ಆತು. ರಾತ್ರಿ ಹಾಲ ಕುಡದು ಮಲಗಿದ್ದು, ಮುಂಜಾನಿ ಏಳಲಿಲ್ಲ. ಥಂಡಿ ದಿನಾ. ಮ್ಯಾಲೆ ಎರಡು ಕೌದಿ ಹೊಚ್ಚಿದ್ರು. ಬಾಲಗ್ರಹ ಅಂದ್ರು ಎಲ್ಲಾರೂ. ಅವರವ್ವ ಆಮ್ಯಾಲೆ ಮಾತ ಆಡಿದ್ದು ನಾ ನೋಡ್ಲಿಲ್ಲ."

ಕರೆಂಟ್ ಬಂತು. ಅವ್ವ ಎದ್ದು ಅಡುಗೆಮನೆಗೆ ಹೋದಳು.

ಮರುದಿನ ಮುಂಜಾನೆ ಎದ್ದು ನೋಡಿದರೆ ಕಾಕುವಿನ ಮಷಿನ್ ಮುಂದೆ ಕೂತಿದ್ದಳು. ಉಳಿದ ಪಾಪ್ಲಿನ್ ಮತ್ತು ತನ್ನದೊಂದು ಹಳೇ ಸೀರೆ ಸೇರಿಸಿ ಏನೋ ಹೊಲಿಯುತ್ತಿದ್ದಳು. "ಹೊದಿಕಿ ಬ್ಯಾಡ ಅಂದ್ರ ಬ್ಯಾಡ. ಅಂಗೀನ ಉದ್ದ ಹೊಲೀತೀನಿ. ಕಾಲ ಕೆಳಗ ಬಾಯಿ ಮುಚ್ಚಿಬಿಡ್ತೀನಿ," ಎಂದಳು. ನೋಡಿದರೆ ತೋಳಿರುವ ಒಂದು ಚೀಲ. ಕೂಸು ಒದ್ದರೂ ಜಾರುವುದಿಲ್ಲ, ಮುಖದ ಮೇಲೆ ಬರುವುದಿಲ್ಲ. ಆನ್‌ಲೈನಿನಲ್ಲಿ ಇದನ್ನೇ ಸ್ಲೀಪಿಂಗ್ ಬ್ಯಾಗ್ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಕೊರಳು ಮಾತ್ರ ತುಸು ಸಡಿಲ ಇತ್ತು, ಕೂಸು ಒಳಗೆ ಜಾರಬಾರದು ಅಂತ ಬಿಗಿ ಮಾಡಿಸಿದೆ. ಕೂಸಿನ ತಲೆಗೆ ಕಟ್ಟುವ ಕುಂಚಿಗೆಯ ವಿಷಯದಲ್ಲೂ ರಾಜಿಯಾಯಿತು. ನಮ್ಮೂರ ಖಣದ ಕುಂಚಿಗೆ ತಂದಿದ್ದಳು, ಬಿಡಲು ಮನಸ್ಸಿಲ್ಲ. ಹೊರಗೆ ಹೋಗುವಾಗ ಹಾಕುವುದು, ಮಲಗಿಸುವಾಗ ತೆಗೆಯುವುದು. ಕೂಸಿನ ಮೈಯ ಬಿಸಿ ತಲೆಯಿಂದಲೇ ಜಾಸ್ತಿ ಹೋಗಬೇಕು, ಮೈ ಕಾಯ್ದರೂ ಅಪಾಯವೇ ಎಂದಿದ್ದರು ಡಾಕ್ಟರ್ ಬಾಯಿ. ನಮಗೆ ಎಷ್ಟು ಬಟ್ಟೆ ಬೇಕೋ ಅದಕ್ಕಿಂತ ಒಂದು ಪದರ ಹೆಚ್ಚು ಸಾಕು.

ಒದ್ದೆಯ ಮಾತಿಗೆ ಬರುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕೆಂಪು ರಬ್ಬರ್ ಶೀಟು ಒಂದು ಹನಿ ನೀರೂ ಬಿಡುವುದಿಲ್ಲ, ಆದರೆ ಕೂಸು ಬೆವರುತ್ತದೆ. ಮೇಲೆ ಬಟ್ಟೆ, ಕೆಳಗೆ ತೆಳು ಜಲನಿರೋಧಕ ಪದರ ಇರುವ ಶೀಟು ವಾಸಿ. ಅದನ್ನು ಚಾದರದ ಮೇಲೆ ಸುಮ್ನೆ ಹರವಬಾರದು, ಅಡಿಯಲ್ಲಿ ಬಿಗಿಯಾಗಿ ಸಿಗಿಸಬೇಕು. ನಾದಿನಿ ಹೇಳಿಕೊಟ್ಟ ಒಂದು ಉಪಾಯ ನನ್ನ ಪ್ರಾಣ ಉಳಿಸಿತು: ಮೊದಲು ಶೀಟು, ಅದರ ಮೇಲೆ ಚಾದರ, ಅದರ ಮೇಲೆ ಮತ್ತೆ ಶೀಟು, ಮತ್ತೆ ಚಾದರ. ಎಲ್ಲವೂ ಎಲಾಸ್ಟಿಕ್ಕಿನವು. ರಾತ್ರಿ ಮೂರು ಗಂಟೆಗೆ ಒದ್ದೆಯಾದರೆ ಮೇಲಿನ ಜೋಡಿ ಕಿತ್ತು ಬಿಸಾಡಿದರೆ ಆಯಿತು, ಕೆಳಗೆ ಒಣ ಹಾಸಿಗೆ ತಯಾರು.

ಪುನರ್ವಸು ಮಳೆಯಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬರುವ ಹಿಂದಿನ ದಿನ ನಮ್ಮವರು ಮಂಚವನ್ನು ಮಲಗುವ ಕೋಣೆಗೆ ಒಯ್ಯಲು ಹೊರಟರು. ಸಣ್ಣ ಕೋಣೆಯ ಬಾಗಿಲು 28 ಇಂಚು. ಮಂಚ ಹೊರಗಿನಿಂದ 30. ಬಡಿಗರು ಅದನ್ನು ಕೋಣೆಯೊಳಗೇ ಜೋಡಿಸಿದ್ದು ಯಾರಿಗೂ ನೆನಪಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿ ಫೋನಿನಲ್ಲಿ ಬಡಿಯುವ ಸದ್ದು, ಮಾವನವರ ಬೈಗುಳ ಎಲ್ಲ ಕೇಳಿಸಿಕೊಂಡೆ. ನಾಲ್ಕೂ ಬದಿ ಬಿಚ್ಚಿ ಮತ್ತೆ ಜೋಡಿಸಲು ರಾತ್ರಿ ಹನ್ನೊಂದಾಯಿತಂತೆ. ತಿಳಿಹಸಿರು ಕೋಣೆಯಲ್ಲಿ ಈಗ ಬಟ್ಟೆ ಒಣಗಿಸುವ ಹಗ್ಗ ಇದೆ.

ಆ ಹಗ್ಗದ್ದೇ ಕಥೆ. ಬೆಳಗಾವಿಯ ಜುಲೈನಲ್ಲಿ ಒಂದು ಚಾದರ ಒಣಗಲು ಫ್ಯಾನಿನ ಕೆಳಗೆ ಒಂದೂವರೆ ದಿನ ಬೇಕು. ಕೂಸು ದಿನಕ್ಕೆ ಎರಡು ಚಾದರ ಮುಗಿಸುತ್ತದೆ. ನಾಲ್ಕು ಚಾದರದಲ್ಲಿ ಇದು ಹೇಗೆ ನಡೆಯಬೇಕು? ಮೂರನೇ ದಿನಕ್ಕೇ ಹಸಿ ವಾಸನೆ ಶುರು. ಅತ್ತೆ ಶೇಗಡಿಗೆ ಕೆಂಡ ಹಾಕಿ ಮೇಲೆ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಒಣಗಿಸುವುದರಲ್ಲಿ ಗಟ್ಟಿಗರು. ಆದರೆ ಹೊಗೆ ಕೂಸಿನ ಕೋಣೆಗೆ ಬರಬಾರದು, ಹಾಗಾಗಿ ಶೇಗಡಿ ಹಿಂದಿನ ಗ್ಯಾಲರಿಗೆ ಹೋಯಿತು. ಲೋಬಾನವನ್ನು ನಾನೇ ಬೇಡ ಎಂದೆ. ಅತ್ತೆ ಒಂದು ದಿನ ಮುನಿಸಿಕೊಂಡರು, ಎರಡನೇ ದಿನ ಮರೆತರು. ಕಾಕು ಮತ್ತೆರಡು ಚಾದರ ಹೊಲಿದು ತಂದರು, ಕೇಳದೇನೇ.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿದೆವು. ಅದಕ್ಕೆ ನಮ್ಮವರ ಕಾಕಾನ ಮನೆಯಿಂದ ಹಳೇ ಕಲಘಟಗಿ ತೊಟ್ಟಿಲು ಬಂತು, ಅರಗಿನ ಬಣ್ಣ ಇನ್ನೂ ಹೊಳೆಯುತ್ತಿತ್ತು. ಅದರಲ್ಲಿ ಅವ್ವನ ಕೌದಿ ಹಾಸಿದೆವು. ಮೊದಲು ಗುಂಡಪ್ಪನನ್ನು, ಅಂದರೆ ಗುಂಡುಕಲ್ಲನ್ನು, ಮಲಗಿಸಿ ಆಮೇಲೆ ಮಗಳನ್ನು. ನಾದಿನಿ ಕಿವಿಯಲ್ಲಿ ಕುರ್ರ್ ಅಂದಳು. ಎಚ್ಚರ ಇದ್ದ ಕೂಸು, ಸುತ್ತ ಇಪ್ಪತ್ತು ಜನ, ಹಾಡು, ಗುಗ್ಗರಿ. ಕಣ್ಣು ಎಳೆಯತೊಡಗಿದ ಕೂಡಲೇ ಅವ್ವನೇ ಬಂದು ಎತ್ತಿಕೊಂಡಳು. ಒಳಗೆ ಮಂಚದ ಬರೀ ಚಾದರದ ಮೇಲೆ ಬೆನ್ನಾಗಿಸಿ ಮಲಗಿಸಿದಳು. ನಾನು ಹೇಳಿರಲಿಲ್ಲ.

ಈಗ ಮಗಳಿಗೆ ನಾಲ್ಕು ತಿಂಗಳು. ದಿನಾ ಬೆಳಗ್ಗೆ ಎಣ್ಣೆ, ನೀರು ಆದ ಮೇಲೆ ಕೌದಿ ಹಾಲ್‌ನ ನೆಲಕ್ಕೆ ಬರುತ್ತದೆ. ಅದರ ಮೇಲೆ ಹೊಟ್ಟೆಯಾಗಿಸಿ ಹಾಕಿದರೆ ತಲೆ ಎತ್ತಿ ಟೋಪ್ ತೆನಿಯ ಕೆಂಪು ಹಲ್ಲುಗಳನ್ನೇ ನೋಡುತ್ತಾಳೆ. ಬಿಳಿ ಧೋತರದ ಕಡೆ ತಿರುಗಿಸಿದರೆ ಅಳು. ತಲೆಯೂ ದುಂಡಗೇ ಇದೆ. ದಿಂಬಿನೊಳಗಿನ ಸಾಸಿವೆಯನ್ನು ಅತ್ತೆ ಡಬ್ಬಿಗೆ ಹಾಕಿಟ್ಟುಕೊಂಡಿದ್ದಾರೆ, ಪ್ರತಿ ಅಮವಾಸ್ಯೆಗೆ ಉಪ್ಪು ಮೆಣಸಿನಕಾಯಿ ಜೊತೆ ದೃಷ್ಟಿ ತೆಗೆಯಲು.

ಹೋದ ವಾರ ಅವ್ವ ಊರಿಂದ ಫೋನ್ ಮಾಡಿದ್ದಳು. ವರ್ಷ ತುಂಬಿದ ಮೇಲೆ ಹೊದಿಸಬಹುದು ಅಂತ ಡಾಕ್ಟರ್ ಅಂದಿದ್ದಾರಲ್ಲ, ದೊಡ್ಡ ಕೌದಿಗೆ ಈಗಲೇ ಸೂಜಿ ಹಿಡಿದಿದ್ದಾಳಂತೆ. ನನ್ನದೊಂದು ಸೀರೆ ಕಳಿಸು ಎಂದಳು. ಆನೆ ಚಂದ್ರ ಇರುವ ಆ ಕುಗ್ಗಿದ ಚಾದರವನ್ನೂ, ಬಂಪರನ್ನೂ ಸೇರಿಸಿ ಕಳಿಸಿದೆ. ನಿನ್ನೆ ಮತ್ತೆ ಫೋನ್ ಬಂತು.

"ಬಟ್ಟಿ ಛಲೋ ಐತಿ, ಒಂದು ಚಂದ್ರಾ ನಡುವ ಇಡ್ತೀನಿ," ಎಂದಳು. "ಆದ್ರ ಆ ಉದ್ದಂದು ಬಿಚ್ಚಿದ್ನೆವಾ, ಒಳಗ ಹತ್ತೀನ ಇಲ್ಲ. ಏನೋ ಮುದುಕೀ ಕೂದಲದಂಗ ಐತಿ. ಇದಕ್ಕ ಎಷ್ಟ ರೊಕ್ಕಾ ಕೊಟ್ಟಿದ್ದಿ?"

ಲೈನ್ ಸರಿ ಇಲ್ಲ, ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.